ಪಕ್ಕವಾದ್ಯದ ಪಯಣ

ಆಟ ಮುಗಿದು ಬೆಳಗಾದ ಮೇಲೆ ಊರವರು ಮಾತನಾಡಿಕೊಳ್ಳುವುದು ವೇಷಧಾರಿಯ ವಿಚಾರ. ಹೆಚ್ಚೆಂದರೆ ಭಾಗವತರ ವಿಚಾರ. ಇರುಳಿಡೀ ಅವರಿಬ್ಬರನ್ನೂ ಕೈಹಿಡಿದು ನಡೆಸಿದ ಮದ್ದಳೆಗಾರನ ಹೆಸರನ್ನು ವಿಚಾರಿಸುವವರು ವಿರಳ. ಪಾರ್ತಿಸುಬ್ಬನ ಕುಂಬಳೆ ಸೀಮೆಯವರಾದ ನಮಗೆ ಇದು ಹೊಸತಲ್ಲ. ಸಂಗೀತ ಕಛೇರಿಯಲ್ಲಿಯೂ ಮೃದಂಗವು ಪಕ್ಕವಾದ್ಯವೇ ಸರಿ. ಅಂತಹ ಪಕ್ಕದ ಪೀಠದಿಂದಲೇ ಯುರೋಪಿನ ಜಾಜ್ ಮತ್ತು ರಾಕ್ ಸಂಗೀತಗಾರರ ನಡುವೆ ಸಲ್ಲುವವರಾದ ಬೆಂಗಳೂರಿನ ಟಿ.ಎ.ಎಸ್. ಮಣಿಯವರನ್ನು ಕುರಿತು ನಾಲ್ಕು ಮಾತು ಬರೆಯಬೇಕೆಂಬುದು ನಮ್ಮ ಬಹುಕಾಲದ ಬಯಕೆ.

1964ರಲ್ಲಿ ಅವರು ಬೆಂಗಳೂರಿನಲ್ಲಿ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್ ಎಂಬ ಲಯವಾದ್ಯಗಳ ಶಾಲೆಯನ್ನು ತೆರೆದರು. ಎಪ್ಪತ್ತರ ದಶಕದ ಕೊನೆಯಲ್ಲಿ ಎಂಬ್ರಿಯೊ ಎಂಬ ಜರ್ಮನ್ ರಾಕ್ ತಂಡವು ಬಸ್ಸೇರಿ ಭೂಮಾರ್ಗವಾಗಿಯೇ ಭಾರತಕ್ಕೆ ಬಂದಿತು. ಆ ತಂಡದಿಂದ ಬೇರೆಯಾದವರು ಕಟ್ಟಿದ ಡಿಸಿಡೆಂಟನ್ ಬಳಗದ 'ಜರ್ಮನಿಸ್ತಾನ್' ಎಂಬ 1982ರ ಧ್ವನಿಮುದ್ರಿಕೆಯಲ್ಲಿ ಮಣಿಯವರ ಕಾಲೇಜಿನ ನುಡಿಸಾಣಿಕೆಯಿದೆ. ಮರುವರ್ಷ ಅಮೆರಿಕದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊರೊಡನೆ 'ಜ್ಯೋತಿ' ಹೊರಬಂದಿತು. ಅದರಲ್ಲಿ ಹಾಡಿದವರು ಮಣಿಯವರ ಪತ್ನಿ ಆರ್.ಎ. ರಮಾಮಣಿ.

ಇದು ಸುಲಭದ ಸಾಂಗತ್ಯವಲ್ಲ. ರಾಕ್ ವಾದಕನು ಕೋಲುಗಳಿಂದಲೂ ಕಾಲಿನಿಂದಲೂ ಹಲವು ಡ್ರಮ್ಮುಗಳನ್ನು ಬಾರಿಸಿ, ಬಹುಮಟ್ಟಿಗೆ ನಾಲ್ಕರ ಎಣಿಕೆಯನ್ನು ಭದ್ರವಾಗಿ ಹಿಡಿಯುತ್ತಾನೆ. ಮೃದಂಗವಾದರೋ ಬೆರಳುಗಳ ವಾದ್ಯ. ಅದರ ಬಲಮುಖವು ಗಾಯಕರ ಶ್ರುತಿಗೆ ಕೂಡಬೇಕು, ಎಡಮುಖಕ್ಕೆ ಮೆತ್ತಿದ ರವೆಯ ಕಣಕ ಒಣಗಿದರೆ ನಾದವೇ ಬದಲಾಗುತ್ತದೆ. ವಿದ್ಯುತ್ ಗಿಟಾರಿನ ಅಬ್ಬರದಲ್ಲಿ ಇದು ಉಳಿಯುವುದೆಂತು? ಉಳಿಸಿದ್ದು ಕೊನ್ನಕೋಲೆಂದು ನಮ್ಮ ಎಣಿಕೆ. 'ತಕಿಟ' ಮೂರು, 'ತಕದಿಮಿ' ನಾಲ್ಕು. ಎರಡನ್ನೂ ಕೂಡಿಸಿದರೆ ಏಳು. ಮಗ್ಗಿ ಬಲ್ಲ ಮಗುವಿಗೂ ತಿಳಿಯುವ ಈ ಲೆಕ್ಕಕ್ಕೆ ಜರ್ಮನ್ ಭಾಷೆಯೂ ಬೇಡ, ಕನ್ನಡವೂ ಬೇಡ. ಪರರ ಮನೆಗೆ ಹೋದವರು ಅವರ ಊಟ ಉಂಡು ತಮ್ಮ ನುಡಿಯನ್ನೇ ಆಡಿ ಬಂದಂತೆ, ಮಣಿಯವರು ಮೃದಂಗವನ್ನು ಡ್ರಮ್ಮಾಗಿ ಮಾರ್ಪಡಿಸದೆಯೇ ಮರಳಿದರು. ಗಡಿಯಲ್ಲಿ ಬಾಳುವ ನಮಗೆ ಇದರ ಬೆಲೆ ತುಸು ಹೆಚ್ಚೇ ತಿಳಿದೀತು.

ಮಣಿಯವರು 2020ರಲ್ಲಿ ತೀರಿಕೊಂಡರು. ಅವರು ಕಟ್ಟಿದ 'ತಾಳತರಂಗ' ಮೇಳದಲ್ಲಿ ಲಯವಾದ್ಯಗಳದೇ ಯಜಮಾನಿಕೆ; ಪಕ್ಕದಲ್ಲಿ ಕುಳಿತಿದ್ದವರು ಅಲ್ಲಿ ಸಭೆಗೆ ಎದುರಾಗಿ ಕುಳಿತರು.