ಬೇಸಗೆಗೆ ತಣ್ಣನೆಯ ಶಾವಿಗೆ

ಬೇಸಗೆಯ ಎರಡು ಮೂರು ತಿಂಗಳು ಊಟವೆಂಬುದೇ ಒಂದು ಬೇಡದ ಕೆಲಸವಾಗಿ ತೋರುವುದು ಎಲ್ಲ ಮನೆಗಳಲ್ಲಿಯೂ ಇದ್ದುದೇ. ಬೆಳಗಿನ ಹತ್ತು ಗಂಟೆಗೇ ಅಡಿಗೆಯ ಮನೆ ಕಾದ ಕಾವಲಿಯಂತಾಗುತ್ತದೆ. ಬೇಯಿಸುವವರಿಗೆ ಬೇಯಿಸಿ ಸಾಕಾಗುತ್ತದೆ; ಉಣ್ಣುವವರಿಗೆ ಬಿಸಿ ಅನ್ನದ ಹಬೆಯನ್ನು ಕಂಡರೇ ಇದ್ದ ಹಸಿವೂ ಹಿಂಗುತ್ತದೆ. ಎಳೆಯರು ಹೇಗೋ ಪಾನಕ ಮಜ್ಜಿಗೆಗಳಲ್ಲಿ ಹೊತ್ತು ಕಳೆದಾರು. ವಯಸ್ಸಾದವರ ಮಾತು ಹಾಗಲ್ಲ. ಅವರು ಎರಡು ದಿನ ಸರಿಯಾಗಿ ಉಣ್ಣದಿದ್ದರೆ ಮೂರನೆಯ ದಿನ ಹಾಸಿಗೆಯಿಂದ ಏಳಲಾರರು. ಈ ಕಷ್ಟಕ್ಕೆ ನಮ್ಮ ಮನೆಯಲ್ಲಿ ದೊರೆತ ಒಂದು ಉಪಾಯವನ್ನು ಇಲ್ಲಿ ಬರೆಯುತ್ತೇವೆ. ಪದಾರ್ಥವೇನೋ ಹೊಸತಲ್ಲ, ನಮ್ಮ ಹಿರಿಯರ ಒತ್ತು ಶಾವಿಗೆಯೇ. ಅದನ್ನು ತಣ್ಣಗೆ, ಬಟ್ಟಲಿನಲ್ಲಿ, ತಂಬುಳಿಯೊಡನೆ ಬಡಿಸಿದುದಷ್ಟೇ ಹೊಸತು.

ತಣ್ಣನೆಯ ಶಾವಿಗೆಯೆಂದೊಡನೆ ಮೂಗು ಮುರಿಯುವವರು ಒಮ್ಮೆ ಪೂರ್ವದೇಶಗಳ ಕಡೆ ದೃಷ್ಟಿ ಹರಿಸಬಹುದು. ಜಪಾನಿನಲ್ಲಿ ಸೋಮೆನ್ ಎಂಬ ಗೋಧಿಯ ಶಾವಿಗೆಯುಂಟು. ಎಳೆ ಬಹು ಸಣ್ಣ. ನಾರಾ ಸೀಮೆಯ ಮಿವಾ ಎಂಬ ಸ್ಥಳವು ಅದಕ್ಕೆ ಹೆಸರಾದುದು. ಅದನ್ನು ಬೇಯಿಸಿ, ತಣ್ಣೀರಿನಲ್ಲಿ ತೊಳೆದು, ಮಂಜುಗಡ್ಡೆಯ ನೀರಿನಲ್ಲಿಟ್ಟು, ಉಪ್ಪುಪ್ಪಾದ ಒಂದು ರಸದಲ್ಲಿ ಅದ್ದಿಕೊಂಡು ಬೇಸಗೆಯೆಲ್ಲ ತಿನ್ನುತ್ತಾರೆ. ಕೊರಿಯಾದವರ ನೇಂಗ್‌ಮ್ಯೋನ್ ಎಂಬುದು, ನಮ್ಮ ಉತ್ತರ ಹಿಂದುಸ್ಥಾನದವರು ಉಪವಾಸಕ್ಕೆ ಬಳಸುವ ಕುಟ್ಟು ಎಂಬ ಕಾಳಿನ ಹಿಟ್ಟಿನಿಂದಾದುದು. 1849ರ ಒಂದು ಕೊರಿಯಾದ ಗ್ರಂಥದಲ್ಲಿ ಇದನ್ನು ವರ್ಷದ ಹನ್ನೊಂದನೆಯ ತಿಂಗಳಿನ, ಎಂದರೆ ಚಳಿಗಾಲದ, ಆಹಾರವೆಂದು ಹೇಳಿದೆ. ಈಗ ಅದೇ ಅಲ್ಲಿ ಬೇಸಗೆಯ ಮುಖ್ಯ ಊಟವಾಗಿದೆ. ಆ ದೇಶದ ಉತ್ತರ ಭಾಗದ ಪ್ಯೋಂಗ್‌ಯಾಂಗ್ ನಗರದ ಈ ಶಾವಿಗೆಯ ಪದ್ಧತಿಯನ್ನು ಯುನೆಸ್ಕೋ ಸಂಸ್ಥೆಯು 2022ರಲ್ಲಿ ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು. ಚಳಿಯ ಪದಾರ್ಥವು ಬಿಸಿಲಿಗೆ ಒದಗಿದುದನ್ನು ಕಂಡರೆ, ನಾಲಗೆಯು ಪಂಚಾಂಗಕ್ಕೆ ಅಷ್ಟಾಗಿ ಕಟ್ಟುಬೀಳುವುದಿಲ್ಲವೆಂದೇ ನಮಗೆ ತೋರುತ್ತದೆ.

ನಮ್ಮ ನಾಡಿನಲ್ಲಿಯೂ ಶಾವಿಗೆಗೆ ಬಡತನವಿಲ್ಲ. ಮಲೆನಾಡು, ಕರಾವಳಿ, ಹಳೆಯ ಮೈಸೂರು ಸೀಮೆಗಳಲ್ಲಿ ಅಕ್ಕಿಯ ಒತ್ತು ಶಾವಿಗೆ, ಬಯಲುಸೀಮೆಯ ಮನೆಗಳಲ್ಲಿ ರಾಗಿಯದೂ ಉಂಟು, ಕೊಡಗಿನವರದು ನೂಪುಟ್ಟು. ನಾವು ಈಗ ವಾಸವಾಗಿರುವ ಬಳ್ಳಾರಿಯ ಕಡೆಯೂ ಅದರ ಮೇಲಿನ ಉತ್ತರದ ಜಿಲ್ಲೆಗಳಲ್ಲಿಯೂ ಗೋಧಿಯ ಶಾವಿಗೆಯೇ ಪ್ರಧಾನ. ಬಿಸಿಲು ಬಲಿತೊಡನೆ ಅಲ್ಲಿಯ ಹೆಂಗಸರು ಓರಗೆಯವರನ್ನು ಕೂಡಿಸಿಕೊಂಡು ಶಾವಿಗೆಯನ್ನು ಹೊಸೆದು, ಕೋಲುಗಳ ಮೇಲೆ ಒಣಗಿಸಿ, ವರ್ಷಕ್ಕಾಗುವಷ್ಟು ಡಬ್ಬಿಗಳಲ್ಲಿ ತುಂಬಿಡುತ್ತಾರೆ. ಅದನ್ನು ಬೇಯಿಸಿ ಬಸಿದು ತುಪ್ಪ, ಸಕ್ಕರೆ, ಹಾಲು ಹಾಕಿ ಬಡಿಸಿದರೆ ಅತಿಥಿಗೆ ಬೇರೆ ಸತ್ಕಾರ ಬೇಕಿಲ್ಲ. ತಮಿಳು ಮಲಯಾಳ ದೇಶಗಳ ಇಡಿಯಪ್ಪವು ನೋಟಕ್ಕೆ ನಮ್ಮ ಒತ್ತು ಶಾವಿಗೆಯಂತೆಯೇ ಇದ್ದರೂ ಕ್ರಮ ಬೇರೆ: ಅವರು ಹಿಟ್ಟನ್ನು ಮೊದಲು ಒತ್ತಿ ಆಮೇಲೆ ಹಬೆಯಲ್ಲಿ ಬೇಯಿಸುತ್ತಾರೆ, ನಾವು ಮೊದಲು ಬೇಯಿಸಿ ಆಮೇಲೆ ಒತ್ತುತ್ತೇವೆ. ಬೆಂದ ಹಿಟ್ಟನ್ನು ಒತ್ತುವುದಕ್ಕೆ ತೋಳಿನ ಬಲ ಹೆಚ್ಚು ಬೇಕು. ಆದರೆ ಎಳೆ ಗಟ್ಟಿಯಾಗಿ ನಿಲ್ಲುತ್ತದೆ, ರಸದಲ್ಲಿ ಹಾಕಿದರೂ ಕರಗುವುದಿಲ್ಲ. ತಣ್ಣನೆಯ ಬಟ್ಟಲಿಗೆ ಇದೇ ಬೇಕಾದ ಗುಣ.

ನಮ್ಮ ಅತ್ತೆಯವರು ತೀರ್ಥಹಳ್ಳಿಯ ಕಡೆಯವರು. ಮಳೆ, ಅಡಕೆತೋಟ, ಹೊಳೆಯ ತಂಪು ಇವುಗಳ ನಡುವೆ ಎಪ್ಪತ್ತು ವರ್ಷ ಬಾಳಿದವರು, ಮಾವನವರು ತೀರಿಕೊಂಡ ಬಳಿಕ ನಮ್ಮೊಡನೆ ಬಳ್ಳಾರಿಗೆ ಬಂದರು. ಮಲೆನಾಡಿನ ಗಿಡವನ್ನು ಕಿತ್ತು ಬಯಲಿನಲ್ಲಿ ನೆಟ್ಟಂತಾಯಿತು. ಮೊದಲ ಬೇಸಗೆಗಳು ಹೇಗೋ ಕಳೆದವು. 2024ರ ಏಪ್ರಿಲ್ ತಿಂಗಳಿನಲ್ಲಿ ಮಾತ್ರ ಬಿಸಿಲು 40 ಡಿಗ್ರಿಯನ್ನು ದಾಟಿ ದಿನಗಟ್ಟಲೆ ಇಳಿಯದೆ ನಿಂತಿತು. ಬಿಸಿಗಾಳಿಯ ಎಚ್ಚರಿಕೆ ಬೆಳಗಾದರೆ ಪತ್ರಿಕೆಯಲ್ಲಿ ಬರುತ್ತಿತ್ತು. ಅತ್ತೆಯವರು ಎಲೆಯ ಮುಂದೆ ಕುಳಿತು ಎರಡು ತುತ್ತು ಉಂಡು ಏಳತೊಡಗಿದರು. “ಒಲ್ಲೆನಮ್ಮ, ಗಂಟಲಿನಲ್ಲಿ ಇಳಿಯದು” ಎಂಬುದೊಂದೇ ಮಾತು. ಅವರಿಗೆ ಸಕ್ಕರೆ ಕಾಯಿಲೆ ಬೇರೆ. ಅದಕ್ಕೆ ಕೊಡುವ ಕೆಲವು ಗುಳಿಗೆಗಳನ್ನು ನುಂಗಿ ಊಟ ಬಿಟ್ಟರೆ ರಕ್ತದ ಸಕ್ಕರೆ ತಟ್ಟನೆ ಇಳಿದು ಎಚ್ಚರ ತಪ್ಪುವುದುಂಟು. ಒಂದು ಮಧ್ಯಾಹ್ನ ದೇವರ ಮನೆಯ ಹೊಸ್ತಿಲಿನಲ್ಲಿ ಅವರಿಗೆ ಕಣ್ಣು ಕತ್ತಲೆ ಬಂದು ಗೋಡೆ ಹಿಡಿದು ಕುಸಿದು ಕುಳಿತರು. ವೈದ್ಯರು ಬಂದು ನೋಡಿ, ಬೇರೆ ರೋಗವೇನೂ ಇಲ್ಲ, ಮೈಯಲ್ಲಿ ನೀರೂ ಉಪ್ಪೂ ಇಳಿದಿವೆ, ಹೊಟ್ಟೆಗೆ ಆಹಾರ ಸೇರುತ್ತಿಲ್ಲ, ಹೀಗೆಯೇ ಇನ್ನು ಮೂರು ದಿನ ನಡೆದರೆ ಆಸ್ಪತ್ರೆಯಲ್ಲಿ ಮಲಗಿಸಿ ಸೂಜಿಯ ಮೂಲಕ ನೀರು ಕೊಡಬೇಕಾದೀತು ಎಂದು ಹೇಳಿ, ಗುಳಿಗೆಯ ಪ್ರಮಾಣವನ್ನು ತಿದ್ದಿ ಹೋದರು.

ಆ ರಾತ್ರಿ ನಮ್ಮ ಮನೆಯಲ್ಲಿ ಯಾರಿಗೂ ನಿದ್ರೆಯಿಲ್ಲ. ತಣ್ಣಗೆ ಏನಾದರೂ ಕೊಡೋಣವೆಂದರೆ ಅತ್ತೆಯವರದು ಒಂದು ಹಟ: ಫ್ರಿಜ್ಜಿನಿಂದ ತೆಗೆದುದೆಲ್ಲ ಅವರ ಲೆಕ್ಕದಲ್ಲಿ ತಂಗಳು. “ಮಾಡಿ ಇಟ್ಟದ್ದನ್ನು ಉಣ್ಣುವ ಕಾಲ ನನಗಿನ್ನೂ ಬಂದಿಲ್ಲ ಕಣೇ” ಎನ್ನುವರು. ನಮ್ಮ ಯಜಮಾನರು ಅವರ ಕಾಲ ಬಳಿ ಕುಳಿತು ಬಹು ಹೊತ್ತು ವಾದಿಸಿದರು. ಫಲವಾಗಲಿಲ್ಲ. ಆಗ ಕನ್ನಡದ ಮಾತೇ ನಮಗೆ ನೆರವಾಯಿತೆನ್ನಬೇಕು. ತಂಗಳೆಂದರೆ ತಣ್ಣನೆಯ ಕೂಳು. ತಂಬುಳಿಯೆಂದರೆ ತಣ್ಣನೆಯ ಹುಳಿ. ಎರಡರಲ್ಲಿಯೂ ಇರುವ ‘ತಣ್’ ಒಂದೇ. ಒಂದನ್ನು ಬೇಡವೆನ್ನುವವರು ಇನ್ನೊಂದನ್ನು ಜೀವಮಾನವೆಲ್ಲ ಪ್ರೀತಿಯಿಂದ ಸುರಿದುಕೊಂಡವರು. “ಅತ್ತೆ, ನಸುಕಿನಲ್ಲಿ ಶಾವಿಗೆ ಒತ್ತಿ, ಮಧ್ಯಾಹ್ನ ತಂಬುಳಿ ಅರೆದು ಹಾಕಿದರೆ ಅದು ತಂಗಳೇ? ನೀವೇ ಹೇಳಿ” ಎಂದು ಕೇಳಿದೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಒರಳು ಅಟ್ಟದ ಮೇಲಿದೆ. ಬಿಲ್ಲೆ ಬೇರೆ ಗಂಟಿನಲ್ಲಿ ಕಟ್ಟಿದ್ದೇನೆ, ಕೆಂಪು ಬಟ್ಟೆ” ಎಂದರು. ಅದೇ ಅವರ ಒಪ್ಪಿಗೆ.

ಇನ್ನು ಮಾಡುವ ಕ್ರಮ. ದೋಸೆಯ ಅಕ್ಕಿ ಎರಡು ಪಾವು ನಾಲ್ಕೈದು ಗಂಟೆ ನೆನೆಯಬೇಕು. ತೊಳೆದು, ಒಂದು ಹಿಡಿ ಕಾಯಿತುರಿ ಸೇರಿಸಿ, ಬೆರಳಿಗೆ ತರಿ ಸಿಕ್ಕದಂತೆ ನುಣ್ಣಗೆ ಅರೆಯತಕ್ಕದ್ದು. ನೀರು ಬೆರೆಸಿ ನೀರುದೋಸೆಯ ಹಿಟ್ಟಿನ ಹದಕ್ಕೆ ತಂದು, ಉಪ್ಪು ಹಾಕಿ, ದಪ್ಪ ತಳದ ಬಾಣಲೆಯಲ್ಲಿ ಒಂದು ಚಮಚ ಕೊಬ್ಬರಿ ಎಣ್ಣೆಯೊಡನೆ ಸಣ್ಣ ಉರಿಯಲ್ಲಿ ಕೈಬಿಡದೆ ಮಗುಚಬೇಕು. ಇಲ್ಲಿ ಕೈ ನಿಂತರೆ ಗಂಟು. ಗಂಟು ಬಿಲ್ಲೆಯ ತೂತಿಗೆ ಶತ್ರು. ಹಿಟ್ಟು ಒಂದೇ ಮುದ್ದೆಯಾಗಿ, ಒದ್ದೆ ಬೆರಳಿನಿಂದ ಮುಟ್ಟಿದರೆ ಅಂಟದಂತಾದಾಗ ಇಳಿಸಿ, ಕೈಗೆ ನೀರು ಮುಟ್ಟಿಸಿಕೊಂಡು ಒರಳಿನ ಬಾಯಿಗೆ ಹಿಡಿಯುವಷ್ಟು ಉದ್ದನೆಯ ಉಂಡೆಗಳನ್ನು ಕಟ್ಟಿ, ಇಡ್ಲಿಯ ಪಾತ್ರೆಯಲ್ಲಿ ಹದಿನೈದು ಇಪ್ಪತ್ತು ನಿಮಿಷ ಹಬೆಯಲ್ಲಿ ಬೇಯಿಸಬೇಕು. ಒಂದೊಂದಾಗಿ ತೆಗೆದು ಬಿಸಿಯಿರುವಾಗಲೇ ಒತ್ತಿಬಿಡಬೇಕು. ಆರಿದ ಉಂಡೆಯನ್ನು ಭೀಮಸೇನನೂ ಒತ್ತಲಾರ.

ಒತ್ತುವುದು ಒಬ್ಬರ ಕೆಲಸವಲ್ಲ. ನಮ್ಮದು ಮೂರು ಕಾಲಿನ, ಮೇಲೆ ತಿರುಪು ಇರುವ ಒರಳು. ಒಬ್ಬರು ಕಾಲುಗಳನ್ನು ಅದುಮಿ ಹಿಡಿಯಬೇಕು, ಒಬ್ಬರು ಹಿಡಿಯನ್ನು ತಿರುಗಿಸಬೇಕು, ಮೂರನೆಯವರು ಕೆಳಗೆ ಬಾಳೆಯೆಲೆಯನ್ನು ಸುತ್ತಿಸುತ್ತ ಎಳೆಗಳನ್ನು ಹರಡಿಕೊಳ್ಳಬೇಕು. ಆ ನಸುಕಿನಲ್ಲಿ ನಮ್ಮ ಯಜಮಾನರು ತಿರುಪಿಗೆ, ನಾವು ಕಾಲಿಗೆ, ಎಲೆಯ ಬಳಿ ಮಣೆ ಹಾಕಿಸಿಕೊಂಡು ಅತ್ತೆಯವರು. ಹತ್ತು ದಿನದಿಂದ ಮಂಚ ಬಿಟ್ಟು ಇಳಿಯದಿದ್ದವರು, “ಹಾಗಲ್ಲಪ್ಪ, ಒಂದೇ ಸಮನೆ ತಿರುಗಿಸು, ನಿಲ್ಲಿಸಿದಲ್ಲಿ ಎಳೆ ಕಡಿಯುತ್ತದೆ” ಎಂದು ಮಗನಿಗೆ ಹೇಳಿಕೊಟ್ಟರು. ಕಚೇರಿಯಲ್ಲಿ ನಾಲ್ಕು ಜನಕ್ಕೆ ಅಪ್ಪಣೆ ಕೊಡುವ ನಮ್ಮ ಯಜಮಾನರು ಬೆವರೊರಸಿಕೊಂಡು, “ಆಗಲಿ ಅಮ್ಮ” ಎಂದರು. ಗಂಡಸರು ಈ ಕೆಲಸಕ್ಕೆ ಕೈಕೊಡುವುದು ಕಡಿಮೆಯಾದುದರಿಂದಲೇ ಎಷ್ಟೋ ಮನೆಗಳ ಒರಳು ಅಟ್ಟ ಸೇರಿತೆಂಬುದು ನಮ್ಮ ಅಭಿಪ್ರಾಯ. ವಾಚಕ ಮಹಾಶಯರು ಕೋಪಿಸಿಕೊಳ್ಳಬಾರದು.

ತಂಬುಳಿಗೆ ನಾವು ದೊಡ್ಡಪತ್ರೆಯನ್ನು ಬಳಸಿದೆವು. ಅತ್ತೆಯವರು ಊರಿನಿಂದ ತಂದ ಒಂದು ಕಡ್ಡಿ ಕುಂಡದಲ್ಲಿ ಹಬ್ಬಿತ್ತು. ಬಳ್ಳಾರಿಯ ಬಿಸಿಲಿಗೂ ಅದು ಅಂಜಲಿಲ್ಲ. ಹತ್ತು ಹನ್ನೆರಡು ಎಲೆಗಳನ್ನು ಅರ್ಧ ಚಮಚ ಜೀರಿಗೆ, ನಾಲ್ಕು ಕಾಳುಮೆಣಸುಗಳೊಡನೆ ತುಪ್ಪದಲ್ಲಿ ಬಾಡಿಸಿ, ಆರಿದ ಮೇಲೆ ಒಂದು ಹಿಡಿ ಕಾಯಿತುರಿಯೊಡನೆ ನುಣ್ಣಗೆ ಅರೆದು, ಹುಳಿಯಿಲ್ಲದ ಕಡೆದ ಮಜ್ಜಿಗೆಗೆ ಬೆರೆಸಿ ಉಪ್ಪು ಹಾಕುವುದು. ಕುದಿಸುವ ಮಾತೇ ಇಲ್ಲ. ಒಂದೆಲಗ ಸಿಕ್ಕಿದರೆ ಬಾಡಿಸದೆ ಹಸಿಯಾಗಿಯೇ ಅರೆಯಬಹುದು. ಬಟ್ಟಲಿನಲ್ಲಿ ಒಂದು ಹಿಡಿ ಶಾವಿಗೆ, ಅದು ಮುಳುಗುವಷ್ಟು ತಂಬುಳಿ, ಮೇಲೆ ಎಳೆಯ ಸೌತೆಕಾಯಿಯ ತುರಿ. ಅತ್ತೆಯವರು ಮೊದಲ ಬಟ್ಟಲನ್ನು ಏನೂ ಹೇಳದೆ ಮುಗಿಸಿದರು. ಎರಡನೆಯದಕ್ಕೆ ಉಪ್ಪು ಕಡಿಮೆಯಾಯಿತೆಂದು ಹೇಳಿ ಮುಗಿಸಿದರು. ಊಟದಲ್ಲಿ ತಪ್ಪು ಹುಡುಕುವಷ್ಟು ಅವರಿಗೆ ಚೈತನ್ಯ ಬಂದುದನ್ನು ಕಂಡು ನಮ್ಮ ಯಜಮಾನರು ಎದ್ದು ಹಿತ್ತಿಲಿಗೆ ಹೋದರು. ಬರುವಾಗ ಮುಖ ತೊಳೆದುಕೊಂಡು ಬಂದಿದ್ದರು.

ಆಮೇಲೆ ಆ ಬೇಸಗೆಯೆಲ್ಲ ವಾರಕ್ಕೆ ಮೂರು ದಿನ ಒರಳು ಇಳಿಯಿತು. ಮಕ್ಕಳಿಗೆ ಕಾಯಿಹಾಲು ಮಾಡಿದೆವು: ಒಂದು ತೆಂಗಿನಕಾಯಿಯನ್ನು ತುರಿದು ಅರೆದು ಎರಡು ಸಲ ಹಿಂಡಿ, ಬೆಲ್ಲವನ್ನು ಬೇರೆಯಾಗಿ ಕರಗಿಸಿ ಸೋಸಿ ಆರಿಸಿ ಸೇರಿಸಿ, ಏಲಕ್ಕಿ, ಹುರಿದ ಎಳ್ಳಿನ ಪುಡಿ, ಮಾವು ಬಂದ ಮೇಲೆ ಅದರ ಹೋಳುಗಳೂ. ಸಕ್ಕರೆ ಕಾಯಿಲೆಯವರಿಗೆ ಇದು ಸಲ್ಲದು. ಅವರಿಗೆ ಶಾವಿಗೆಯನ್ನಾದರೂ ಅಳತೆಯಿಂದಲೇ ಕೊಡಬೇಕು. ತಣ್ಣಗಾದ ಮಾತ್ರಕ್ಕೆ ಅಕ್ಕಿಯು ಅಕ್ಕಿಯಲ್ಲದೆ ಹೋಗುವುದಿಲ್ಲ. ಮೊಸರಿನ ಶಾವಿಗೆ ಎಲ್ಲರಿಗೂ ಹಿಡಿಸಿತು. ಅದರಲ್ಲಿ ಗಮನಿಸಬೇಕಾದುದೊಂದೇ: ಸಾಸಿವೆ, ಉದ್ದಿನಬೇಳೆ, ಹಸಿಮೆಣಸಿನಕಾಯಿ, ಇಂಗು, ಕರಿಬೇವಿನ ಒಗ್ಗರಣೆಯು ಪೂರ್ತಿ ಆರಿದ ಮೇಲೆ ಮೊಸರಿಗೆ ಬೀಳಬೇಕು.

ಒರಳಿಲ್ಲದವರು, ಒತ್ತುವವರಿಲ್ಲದವರು, ಅಂಗಡಿಯ ಒಣ ಅಕ್ಕಿಶಾವಿಗೆಯನ್ನು ತರಬಹುದು. ಕುದಿಯುವ ನೀರಿಗೆ ಹಾಕಿ, ಉರಿ ಆರಿಸಿ, ಮೂರು ನಾಲ್ಕು ನಿಮಿಷ ಮುಚ್ಚಿಟ್ಟು ಬಸಿಯುವುದು. ಇದಕ್ಕೆ ಮಾತ್ರ ಜಪಾನಿನವರ ಕ್ರಮ ಬೇಕೇ ಬೇಕು: ಬಸಿದೊಡನೆ ಎರಡು ಸಲ ತಣ್ಣೀರಿನಲ್ಲಿ ತೊಳೆಯಬೇಕು. ಎಳೆಯ ಮೈಗೆ ಹತ್ತಿದ ಗಂಜಿಯು ತೊಳೆದುಹೋಗದಿದ್ದರೆ ಶಾವಿಗೆಯೆಲ್ಲ ಒಂದೇ ಗಂಟಾಗಿ ಕುಳಿತುಕೊಳ್ಳುತ್ತದೆ. ನಮ್ಮ ಒತ್ತು ಶಾವಿಗೆಗೆ ಈ ಸ್ನಾನ ಬೇಡ.

ತಣ್ಣಗೆ ಇಡುವ ವಿಷಯದಲ್ಲಿ ಸ್ವಲ್ಪ ಬಿಗಿಯಾಗಿಯೇ ಹೇಳಬೇಕಾಗಿದೆ. ಬೆಂದ ಅಕ್ಕಿಯಲ್ಲಿ ಕುದಿಗೂ ಸಾಯದ ಕೆಲವು ಸೂಕ್ಷ್ಮಜೀವಿಗಳ ಬೀಜಗಳು ಉಳಿದಿರುತ್ತವೆ. ಬೇಸಗೆಯ ಕಾವಿನಲ್ಲಿ ತೆರೆದಿಟ್ಟರೆ ಅವು ಬೆಳೆದು ವಿಷವನ್ನು ಉಂಟುಮಾಡುತ್ತವೆ. ಮತ್ತೆ ಬಿಸಿಮಾಡಿದರೂ ಆ ವಿಷವೆಲ್ಲ ಹೋಗುವುದಿಲ್ಲ. ಆದುದರಿಂದ ಒತ್ತಿದ ಶಾವಿಗೆಯು ಆರಿದೊಡನೆ, ಹೆಚ್ಚೆಂದರೆ ಒಂದು ಗಂಟೆಯೊಳಗೆ, ಮುಚ್ಚಿದ ಪಾತ್ರೆಯಲ್ಲಿ ಫ್ರಿಜ್ಜನ್ನು ಸೇರಬೇಕು, ಕಾಯಿಹಾಲೂ ಅಂತೆಯೇ. ಒದ್ದೆ ಬಟ್ಟೆ ಸುತ್ತಿದ ಮಣ್ಣಿನ ಗಡಿಗೆ ಬಳ್ಳಾರಿಯಂತಹ ಒಣಹವೆಯಲ್ಲಿ ನೀರನ್ನು ಚೆನ್ನಾಗಿ ತಂಪುಮಾಡುತ್ತದೆ, ಏಕೆಂದರೆ ಮೈಯಿಂದ ಆವಿಯಾಗುವ ನೀರು ಒಳಗಿನ ಕಾವನ್ನು ಒಯ್ಯುತ್ತದೆ. ಮಂಗಳೂರಿನ ಬೆವರುಹವೆಯಲ್ಲಿ ಅದರ ಆಟ ಅಷ್ಟು ನಡೆಯದು. ಆದರೂ ಗಡಿಗೆಯ ತಂಪು ನೀರಿಗೆ ಸಾಕು, ಬೆಂದ ಅಕ್ಕಿಗೆ ಸಾಲದು. ಇನ್ನು ರಾತ್ರಿಯೆಲ್ಲ ಫ್ರಿಜ್ಜಿನಲ್ಲಿಟ್ಟರೆ ಒತ್ತು ಶಾವಿಗೆಯ ಗಂಜಿಯು ಗಟ್ಟಿಕಟ್ಟಿ ಎಳೆ ಪುಡಿಪುಡಿಯಾಗುತ್ತದೆ. ಬೆಳಗ್ಗೆ ಒತ್ತಿದುದನ್ನು ಮಧ್ಯಾಹ್ನಕ್ಕೇ ಮುಗಿಸುವುದು ಲೇಸು. ಈ ಒಂದು ವಿಷಯದಲ್ಲಿ ಅತ್ತೆಯವರ ಹಟವೂ ಈಗಿನ ವಿಜ್ಞಾನವೂ ಒಂದೇ ಕಡೆ ನಿಲ್ಲುತ್ತವೆ, ಇದನ್ನು ಅವರಿಗೆ ತಿಳಿಸಿದಾಗ, “ವಿಜ್ಞಾನಕ್ಕೆ ಈಗ ಗೊತ್ತಾಯಿತೇ?” ಎಂದರು.

ಒರಳಿನ ಬಗ್ಗೆ ಒಂದು ಮಾತು ಉಳಿಯಿತು. ಒತ್ತಿ ಮುಗಿದೊಡನೆ ಬಿಲ್ಲೆಯನ್ನು ಬಿಸಿನೀರಿನಲ್ಲಿ ಹಾಕಬೇಕು. ಹಿಟ್ಟು ಒಣಗಿದರೆ ತೂತುಗಳನ್ನು ಒಂದೊಂದಾಗಿ ದಬ್ಬಣದಿಂದ ಚುಚ್ಚುತ್ತ ಕೂರಬೇಕಾಗುತ್ತದೆ. ತೊಳೆದು, ಒರಸಿ, ತಿರುಪಿಗೆ ಎಣ್ಣೆಯ ಕೈ ಸವರಿ ಇಡುವುದು. ನಮ್ಮ ಮನೆಯಲ್ಲಿ ತಿರುಗಿಸುವ ಹಿಡಿಯು ಈಗ ಮೊಮ್ಮಗನ ಪಾಲಿಗೆ ಬಂದಿದೆ. ಬಿಲ್ಲೆಯನ್ನು ಮಾತ್ರ ಅತ್ತೆಯವರು ಯಾರ ಕೈಗೂ ಕೊಡುವುದಿಲ್ಲ. ತಾವೇ ತೊಳೆದು, ಬೆಳಕಿಗೆ ಹಿಡಿದು ತೂತುಗಳನ್ನು ನೋಡಿ, ಕೆಂಪು ಬಟ್ಟೆಯಲ್ಲಿ ಗಂಟು ಕಟ್ಟುತ್ತಾರೆ.