ಬಾಗಳಿಯಿಂದ ಕುರುವತ್ತಿಯವರೆಗೆ

ಹಂಪಿಗೆ ಬಂದವರು ಹಂಪಿ ನೋಡಿಕೊಂಡು ಹಾಗೇ ಊರಿಗೆ ಮರಳುತ್ತಾರೆ. ಅದೇ ವಿಜಯನಗರ ಜಿಲ್ಲೆಯ ಪಶ್ಚಿಮದ ಹಳ್ಳಿಗಳಲ್ಲಿ ಹಂಪಿಯ ಸಾಮ್ರಾಜ್ಯ ಹುಟ್ಟುವ ಎಷ್ಟೋ ಮೊದಲೇ ಎದ್ದುನಿಂತ ಕಲ್ಲುಗುಡಿಗಳಿವೆ. ಅವುಗಳನ್ನು ಹುಟ್ಟಿದ ಕ್ರಮದಲ್ಲೇ ನೋಡಬೇಕೆಂಬುದು ನನ್ನ ಹಟ. ಕೊಟ್ಟೂರಿನಲ್ಲಿ ಮಂಡಕ್ಕಿ ಒಗ್ಗರಣೆ, ಮಿರ್ಚಿ ತಿಂದು ಹರಪನಹಳ್ಳಿ ಬಸ್ಸು ಹತ್ತಿದೆ. ಅಲ್ಲಿಂದ ಬಾಗಳಿಗೆ ಆಟೋ.

ಬಾಗಳಿಯ ಕಲ್ಲೇಶ್ವರ ಗುಡಿಯ ಕೆಲಸ ರಾಷ್ಟ್ರಕೂಟರ ಕಾಲದಲ್ಲಿ ಶುರುವಾಗಿ ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ಮುಂದುವರಿಯಿತು. 973ರಲ್ಲಿ ಚಾಲುಕ್ಯರ ಇಮ್ಮಡಿ ತೈಲಪ ರಾಷ್ಟ್ರಕೂಟರನ್ನು ಕಿತ್ತೊಗೆದ. 987ರ ಹೊತ್ತಿಗೆ ಇಲ್ಲಿಯ ಶಾಸನ ಅವನ ಹೆಸರು ಹೇಳುತ್ತಿದೆ. ದೊರೆ ಬದಲಾದರೂ ಕಲ್ಲುಕುಟಿಗರ ಉಳಿಪೆಟ್ಟು ನಿಂತಿರಲಿಲ್ಲ. ತೆರೆದ ಮಂಟಪದಲ್ಲಿ ಸುಮಾರು 50 ಕಂಬಗಳು. ಅವುಗಳ ನಡುವೆ ಅಡ್ಡಾಡುವಾಗ ಬೇಸಿಗೆಯಲ್ಲೂ ಅಂಗಾಲು ತಣ್ಣಗಾಗುತ್ತದೆ. ಈ ಒಂದೇ ಗುಡಿಯಲ್ಲಿ ಮೂವತ್ತಕ್ಕೂ ಹೆಚ್ಚು ಹಳಗನ್ನಡ ಶಾಸನಗಳು ಸಿಕ್ಕಿವೆ. ಶಿವನ ಗುಡಿಯಾದರೂ ಸೂರ್ಯನಿಗೂ ನರಸಿಂಹನಿಗೂ ಇಲ್ಲಿ ಜಾಗವುಂಟು. ಬಾದಾಮಿಯ ಮರಳುಗಲ್ಲು ಬಿಟ್ಟು ಬಳಪದ ಕಲ್ಲು ಹಿಡಿದದ್ದು ಈ ಕಾಲದ ದೊಡ್ಡ ತಿರುವು. ಗಣಿಯಿಂದ ಬಂದಾಗ ಮೆತ್ತಗಿರುವ ಈ ಕಲ್ಲನ್ನು ಬುಗುರಿಯಂತೆ ಕಡೆಯಬಹುದು, ಕೂದಲೆಳೆಯಷ್ಟು ಸಣ್ಣಗೆ ಕೊರೆಯಬಹುದು. ಗಾಳಿಬೆಳಕಿಗೆ ಬಿದ್ದ ಮೇಲೆ ಗಟ್ಟಿಯಾಗುತ್ತದೆ.

ಹೂವಿನಹಡಗಲಿಯಲ್ಲಿ ಬಸ್ಸು ಬದಲಿಸಿ ಹಿರೇಹಡಗಲಿಗೆ ಹೋದೆ. ಹಡಗಲಿಯ ಮಲ್ಲಿಗೆಯ ಬಗ್ಗೆ ಎಲ್ಲರೂ ಬರೆದಿದ್ದಾರೆ, ನಾನು ಬರೆಯುವುದಿಲ್ಲ. ಹಿರೇಹಡಗಲಿಯ ಹೆಸರು ಇತಿಹಾಸದ ಪುಸ್ತಕಗಳಲ್ಲಿ ಮೊದಲು ಬರುವುದು ಪಲ್ಲವ ಶಿವಸ್ಕಂದವರ್ಮನ ಪ್ರಾಕೃತ ತಾಮ್ರಶಾಸನದಿಂದ. ಇಲ್ಲಿಯ ಕಲ್ಲೇಶ್ವರ ಗುಡಿ ಅದಕ್ಕಿಂತ ಎಷ್ಟೋ ಈಚಿನದು. ಚಾಲುಕ್ಯ ದೊರೆ ಒಂದನೆಯ ಸೋಮೇಶ್ವರನ ಮಂತ್ರಿ ದೇಮರಸ ಕಟ್ಟಿಸಿದ್ದೆಂದು 1057ರ ಶಾಸನ ಹೇಳುತ್ತದೆ. ಬಾಗಳಿಯಲ್ಲಿ ಕಂಬಕ್ಕೆ ಸೋತ ಕಣ್ಣು ಇಲ್ಲಿ ಗೋಡೆಗೆ ಸೋಲುತ್ತದೆ. ಗೋಡೆಗಂಬಗಳ ಮೇಲೆ ಪುಟ್ಟ ಶಿಖರ, ಶಿಖರದ ಮೇಲೆ ಇನ್ನೊಂದು; ದೊಡ್ಡ ಗುಡಿಯ ಮೈತುಂಬ ಮರಿಗುಡಿಗಳು. ಬರಿಗೋಡೆ ಎಂಬುದೇ ಶಿಲ್ಪಿಗೆ ಸಹಿಸದಾದಂತಿದೆ.

ಈ ಗುಡಿಗಳ ಅಂದವನ್ನು ಮೊದಲು ಅಳತೆಗೋಲಿಗೆ ಹಿಡಿದವನು ಬ್ರಿಟಿಷ್ ಪುರಾತತ್ವಜ್ಞ ಅಲೆಕ್ಸಾಂಡರ್ ರೀ. ಆಗ ಇದು ಮದ್ರಾಸ್ ಪ್ರಾಂತ್ಯಕ್ಕೆ ಸೇರಿದ ಬಳ್ಳಾರಿ ಜಿಲ್ಲೆ. 1896ರಲ್ಲಿ ಬಂದ ಅವನ ಪುಸ್ತಕದಲ್ಲಿ ಈ ಗುಡಿಗಳ ನಕ್ಷೆಗಳಿವೆ. ತಮ್ಮ ಹಳ್ಳಿ ಚರ್ಚುಗಳ ಕಮಾನು, ಕಿಟಕಿಗಳನ್ನೆಲ್ಲ ಅಳೆದು ಬರೆದಿಡುವ ಚಟ ಅವನ ನಾಡಿನವರಿಗಿತ್ತು. ಅವರ ಆಳ್ವಿಕೆಯಿಂದ ನಮಗಾದ ಅಪರೂಪದ ಲಾಭಗಳಲ್ಲಿ ಇದೂ ಒಂದು.

ಕುರುವತ್ತಿ ತುಂಗಭದ್ರೆಯ ದಡದಲ್ಲಿದೆ. ಬಸ್ಸಿಳಿದವನನ್ನು ಕಟ್ಟೆಯ ಮೇಲಿದ್ದ ಅಜ್ಜ ಕೇಳಿದರು: “ಬಸವಣ್ಣನ ದರ್ಶನಕ್ಕ ಬಂದೀರೇನ್ರಿ?”

“ಮಲ್ಲಿಕಾರ್ಜುನನ ಗುಡಿ ನೋಡಾಕ ಬಂದೆ, ಅಜ್ಜಾರ.”

“ಎರಡೂ ಒಂದ ಕಡೆ ಅದಾವ. ಮೊದ್ಲು ಬಸವಣ್ಣಗ ಕೈಮುಗೀರಿ.”

ಊರಿಗೆ ಇದು ಬಸವಣ್ಣನ ಗುಡಿಯೇ. ಶಿವರಾತ್ರಿಯ ಹೊತ್ತಿನ ಜಾತ್ರೆಗೆ ರೈತರು ಗಾಡಿ ಕಟ್ಟಿಕೊಂಡು ಬರುವುದು ಆ ದೊಡ್ಡ ನಂದಿಗಾಗಿ. ಅಜ್ಜನ ಮಾತಿನಂತೆ ಮೊದಲು ಅಲ್ಲಿ ಕೈಮುಗಿದು, ಮಲ್ಲಿಕಾರ್ಜುನನ ಮೂಡಣ ಬಾಗಿಲಿಗೆ ಬಂದು ಕತ್ತೆತ್ತಿದೆ. ಕಂಬದ ತಲೆಯಿಂದ ಮುಂದಕ್ಕೆ ಬಾಗಿ ನಿಂತ ಮದನಿಕೆಯರು! ಸುತ್ತಲೂ ಬಳ್ಳಿಗಳ ಬಿಡಿಗೆತ್ತನೆ. ಬಳುಕಿದ ಮೈ, ಒಡವೆಯ ಮಣಿಮಣಿಯೂ ಬೇರೆ. ಗುಡಿ 11ನೆಯ ಶತಮಾನದ ಕೊನೆಯದು. ಬೇಲೂರಿನ ಚೆನ್ನಕೇಶವನ ಪ್ರತಿಷ್ಠೆಯಾದದ್ದು 1117ರಲ್ಲಿ. ಅಂದರೆ ಬೇಲೂರಿನ ಶಿಲಾಬಾಲಿಕೆಯರಿಗೆ ಇವರು ಅಕ್ಕಂದಿರು. ಅಕ್ಕಂದಿರನ್ನು ಕೇಳುವವರಿಲ್ಲ, ನಾನಿದ್ದಷ್ಟು ಹೊತ್ತು ಅಲ್ಲಿ ಇನ್ನೊಬ್ಬ ಪ್ರವಾಸಿಯೂ ಇರಲಿಲ್ಲ.

ಗುಡಿಯಿಂದ ಹೊಳೆ ದೂರವಿಲ್ಲ. ಹಿರೇಹಡಗಲಿಯ ಶಾಸನದಲ್ಲಿ ಕಂಡ ಆ ಸೋಮೇಶ್ವರ, ಚೋಳರೊಂದಿಗೆ ಜೀವಮಾನವಿಡೀ ಕಾದಿದ ಆಹವಮಲ್ಲ, ವಾಸಿಯಾಗದ ಜ್ವರಕ್ಕೆ ಬೇಸತ್ತು 1068ರಲ್ಲಿ ಇಲ್ಲೇ ತುಂಗಭದ್ರೆಗೆ ಇಳಿದು ಪ್ರಾಣಬಿಟ್ಟ. ಅವನ ಮಗ ಆರನೆಯ ವಿಕ್ರಮಾದಿತ್ಯನ ಆಸ್ಥಾನಕವಿ ಬಿಲ್ಹಣ ಈ ಸಾವನ್ನು ‘ವಿಕ್ರಮಾಂಕದೇವಚರಿತ’ದಲ್ಲಿ ಬಣ್ಣಿಸಿದ್ದಾನೆ. ನಾನು ಹೋದಾಗ ಅದೇ ಹೊಳೆಯಲ್ಲಿ ಹೆಂಗಸರು ಕಂಬಳಿ ಒಗೆಯುತ್ತಿದ್ದರು.

ಬೇಲೂರು ನೋಡಿದವರು ಒಮ್ಮೆ ಈ ದಾರಿ ಹಿಡಿಯಿರಿ. ಮೊದಲು ಬಾಗಳಿ, ಆಮೇಲೆ ಹಿರೇಹಡಗಲಿ, ಕೊನೆಗೆ ಕುರುವತ್ತಿ: ಕ್ರಮ ತಪ್ಪಿಸಬೇಡಿ. ಹಡಗಲಿಯಲ್ಲಿ ರಾತ್ರಿ ಉಳಿದು ಕುರುವತ್ತಿಗೆ ಬೆಳಿಗ್ಗೆಯೇ ಹೋಗಿ. ಮದನಿಕೆಯರಿರುವುದು ಮೂಡಣ ಬಾಗಿಲಲ್ಲಿ, ಮಧ್ಯಾಹ್ನ ದಾಟಿದರೆ ಅವರ ಮುಖ ನೆರಳಿಗೆ ಬೀಳುತ್ತದೆ.