ಬಾಟಲಿಯ ಮೇಲಿನ ಚೀಟಿ

ಮಕ್ಕಳೇ, ನನ್ನ ಹತ್ತಿರ ಒಂದು ಹಳೆಯ ಚಿತ್ರದ ವಹಿ ಇದೆ. ಅದರಲ್ಲಿ ಒಂದು ಪುಟ ಹರಿದಿದೆ. ಆ ಪುಟವನ್ನು ನಾನೇ ಹರಿದೆ. ಏಕೆ ಹರಿದೆ ಎಂಬುದನ್ನು ಇಂದು ನಿಮಗೆ ಹೇಳುತ್ತೇನೆ.

ನನ್ನ ಊರು ಬೆಳುಂಕಿ. ಅದು ಸಾಂಗಲಿ ಜಿಲ್ಲೆಯ ಜತ್ತ ತಾಲೂಕಿನಲ್ಲಿದೆ. ನಮ್ಮ ಕಡೆ ಮಳೆ ಕಡಿಮೆ. ಜೋಳ, ಸಜ್ಜೆ ಬೆಳೆಯುವ ನೆಲ ಇದು. ನೀರಿನ ಅನುಕೂಲ ಇದ್ದವರು ದ್ರಾಕ್ಷಿ, ದಾಳಿಂಬೆ ಹಚ್ಚುತ್ತಾರೆ. ನಮ್ಮದೂ ಒಂದು ಎಕರೆ ದ್ರಾಕ್ಷಿ ತೋಟವಿತ್ತು. ದ್ರಾಕ್ಷಿ ಬಹಳ ನಾಜೂಕಿನ ಬೆಳೆ. ಹುಳ ಬಿದ್ದರೆ ವರ್ಷದ ದುಡಿಮೆಯೆಲ್ಲ ಹಾಳು. ಅದಕ್ಕೆಂದು ಮೇಲಿಂದ ಮೇಲೆ ಔಷಧ ಹೊಡೆಯಬೇಕಾಗುತ್ತದೆ. ಅದನ್ನು ನಾವು ಔಷಧ ಎಂದು ಕರೆಯುತ್ತೇವೆ. ನಿಜವಾಗಿ ನೋಡಿದರೆ ಅದು ವಿಷ. ಹುಳಕ್ಕೂ ವಿಷ, ಮನುಷ್ಯನಿಗೂ ವಿಷ.

ಈ ಮಾತಿಗೆ ಈಗ ಇಪ್ಪತ್ತು ವರ್ಷಕ್ಕೂ ಹೆಚ್ಚಾಯಿತು. ನಾನಾಗ ನಾಲ್ಕನೆಯ ಇಯತ್ತೆಯಲ್ಲಿದ್ದೆ. ಬಣ್ಣಬಣ್ಣದ ಚೀಟಿಗಳನ್ನು ಕೂಡಿಸುವ ಹುಚ್ಚು ನನಗೆ. ಬೆಂಕಿಪೆಟ್ಟಿಗೆಯ ಚಿತ್ರ, ಸಾಬೂನಿನ ಕಾಗದ, ಯಾವುದನ್ನೂ ಬಿಡುತ್ತಿರಲಿಲ್ಲ. ಒಂದು ದಿನ ತೋಟದ ಗುಡಿಸಲಿನಲ್ಲಿ ಔಷಧದ ಹೊಸ ಬಾಟಲಿ ಕಂಡಿತು. ಅದರ ಚೀಟಿಯ ಮೇಲೆ ತಲೆಬುರುಡೆ, ಎರಡು ಎಲುಬು, ಕೆಳಗೆ ಕೆಂಪು ತ್ರಿಕೋನ! ನನಗೆ ಬಹಳ ಸೇರಿತು. ನೀರು ಹಚ್ಚಿ, ಮೆಲ್ಲಗೆ ಚೀಟಿ ಕಿತ್ತು, ವಹಿಯಲ್ಲಿ ಅಂಟಿಸಿಕೊಂಡೆ. ಯಾರಿಗೂ ಹೇಳಲಿಲ್ಲ.

ಎರಡು ದಿನಗಳ ಮೇಲೆ ಕಾಕಾ ಔಷಧ ಹೊಡೆಯಲು ಹೋದ. ಬಿಸಿಲು ಜೋರಾಗಿತ್ತು. ಸೆಕೆಯೆಂದು ಅವನು ಅಂಗಿ ಕಳಚಿ, ಪಂಪನ್ನು ಬರಿ ಬೆನ್ನಿಗೆ ಏರಿಸಿಕೊಂಡಿದ್ದ. ಪಂಪು ಸೋರುತ್ತಿತ್ತು. ಮೂಗಿಗೆ ಬಟ್ಟೆಯನ್ನೂ ಕಟ್ಟಿರಲಿಲ್ಲ. ಸಂಜೆ ನಾನು ಸಾಲೆಯಿಂದ ನೇರವಾಗಿ ತೋಟಕ್ಕೆ ಹೋದಾಗ ಕಾಕಾ ಬದುವಿನ ಮೇಲೆ ಬಿದ್ದಿದ್ದ. ಮೈಯೆಲ್ಲ ಬೆವರು. ಬಾಯಿಯಿಂದ ಜೊಲ್ಲು ಸುರಿಯುತ್ತಿತ್ತು. ಉಸಿರಾಡಲು ಒದ್ದಾಡುತ್ತಿದ್ದ. ನಾನು ಚೀರಿದೆ. ಅಪ್ಪ ಓಡಿ ಬಂದ. ನೆರೆಯವರ ಜೀಪು ಬಂತು. ಅಪ್ಪ ಔಷಧದ ಬಾಟಲಿಯನ್ನೂ ಕೈಯಲ್ಲಿ ಹಿಡಿದುಕೊಂಡ. ಪಾಟಿಚೀಲ ಹೆಗಲ ಮೇಲಿದ್ದಂತೆಯೇ ನಾನೂ ಜೀಪು ಹತ್ತಿದೆ.

ಮೀರಜದ ದೊಡ್ಡ ದವಾಖಾನೆ ಮುಟ್ಟುವಷ್ಟರಲ್ಲಿ ಕತ್ತಲಾಗಿತ್ತು. ಡಾಕ್ಟರರು ಕಾಕಾನ ಕಣ್ಣಿಗೆ ಬ್ಯಾಟರಿ ಹಿಡಿದು ನೋಡಿದರು. ಕಣ್ಣಪಾಪೆ ಸೂಜಿಯ ಮೊನೆಯಷ್ಟು ಸಣ್ಣದಾಗಿತ್ತು. ನರ್ಸ್ ಬಾಯಿಯವರು ಅವನ ಮೈಯನ್ನು ಸಾಬೂನು ನೀರಿನಿಂದ ತೊಳೆಯತೊಡಗಿದರು.

“ಯಾವ ಔಷಧ ಹೊಡೆದಿದ್ದರು?” ಎಂದು ಡಾಕ್ಟರರು ಕೇಳಿದರು.

ಅಪ್ಪ ಬಾಟಲಿ ಕೊಟ್ಟ. ಅದರ ಮೇಲೆ ಚೀಟಿಯೇ ಇಲ್ಲ!

“ಹೆಸರು ಗೊತ್ತಿಲ್ಲರೀ ಸಾಹೇಬರ. ಅಂಗಡ್ಯಾಗ ಕೊಟ್ಟಿದ್ದು ತಂದೀವಿ” ಎಂದ ಅಪ್ಪ. ಅವನ ಕೈ ನಡುಗುತ್ತಿತ್ತು.

ನನ್ನ ಎದೆ ಡವಡವ ಎನ್ನತೊಡಗಿತು. ಹೇಳಿದರೆ ಅಪ್ಪ ಹೊಡೆಯುತ್ತಾನೆ. ಹೇಳದಿದ್ದರೆ ಕಾಕಾ ಏನಾಗುತ್ತಾನೋ! ಕಾಕಾ ನನ್ನನ್ನು ಹೆಗಲ ಮೇಲೆ ಕೂಡಿಸಿಕೊಂಡು ಜಾತ್ರೆ ತೋರಿಸಿದವನು. ನಾನು ಚೀಲ ತೆರೆದೆ. ವಹಿಯ ಪುಟವನ್ನು ಪರ್‍ರನೆ ಹರಿದು ಡಾಕ್ಟರರ ಕೈಗೆ ಕೊಟ್ಟೆ. “ನಾನೇ ಕಿತ್ತಿದ್ದೆ” ಎಂದು ಅತ್ತುಬಿಟ್ಟೆ.

ಡಾಕ್ಟರರು ಚೀಟಿ ಓದಿದರು. “ಕಣ್ಣು ನೋಡಿದಾಗಲೇ ನನಗೆ ಸಂಶಯ ಬಂದಿತ್ತು. ಈಗ ಗಟ್ಟಿಯಾಯಿತು. ಇದು ಆರ್ಗನೋಫಾಸ್ಫೇಟ್ ಎಂಬ ಜಾತಿಯ ವಿಷ” ಎಂದರು. ಕೂಡಲೇ ಅಟ್ರೋಪಿನ್ ಎಂಬ ಸೂಜಿಮದ್ದು ಕೊಟ್ಟರು. ಪರೀಕ್ಷೆಗೆಂದು ರಕ್ತವನ್ನೂ ತೆಗೆದರು. ಇಂಥ ಹೊತ್ತಿನಲ್ಲಿ ಪರೀಕ್ಷೆಯ ಉತ್ತರಕ್ಕಾಗಿ ಕಾಯುತ್ತ ಕೂಡುವುದಿಲ್ಲ. ಮೊದಲು ಜೀವ ಉಳಿಸುವುದು, ಆಮೇಲೆ ಉಳಿದದ್ದು. ಅಪ್ಪ ನನ್ನನ್ನು ಹೊಡೆಯಲಿಲ್ಲ. ರಾತ್ರಿಯೆಲ್ಲ ನನ್ನ ಕೈ ಹಿಡಿದುಕೊಂಡೇ ಕುಳಿತಿದ್ದ.

ಮೂರನೆಯ ದಿನ ಕಾಕಾ ಕಣ್ಣು ತೆರೆದು ನನ್ನ ಹೆಸರು ಹಿಡಿದು ಕರೆದ. ಅಂದು ನನಗಾದ ಹಿಗ್ಗು ಅಷ್ಟಿಷ್ಟಲ್ಲ. ರಕ್ತ ಪರೀಕ್ಷೆ ಮಾಡುವ ಕೋಣೆಯ ಬಾಗಿಲಲ್ಲಿ ನಾನು ಇಣುಕುತ್ತಿದ್ದೆ. ಅಲ್ಲಿದ್ದ ಬಾಯಿಯವರು, “ಬಾ ತಮ್ಮಾ, ನಿಮ್ಮ ಕಾಕಾನ ರಕ್ತ ಏನ ಹೇಳತೈತಿ ನೋಡೋಣ” ಎಂದು ಕರೆದರು.

ಅವರು ಎರಡು ಗಾಜಿನ ನಳಿಕೆಗಳನ್ನು ತೋರಿಸಿದರು. ಒಂದರಲ್ಲಿ ಆರೋಗ್ಯವಂತನ ರಕ್ತದ ತಿಳಿ, ಇನ್ನೊಂದರಲ್ಲಿ ಕಾಕಾನ ರಕ್ತದ ತಿಳಿ. ಎರಡಕ್ಕೂ ಒಂದೇ ಬಗೆಯ ರಸಾಯನ ಹಾಕಿದರು. ನೋಡುನೋಡುತ್ತ ಮೊದಲನೆಯದು ಅರಿಷಿಣದಂತೆ ಹಳದಿಯಾಯಿತು. ಕಾಕಾನದು ಮಾತ್ರ ಮಂಕಾಗಿಯೇ ಉಳಿಯಿತು.

ಇದೇಕೆ ಹೀಗೆ? ಬಾಯಿಯವರು ಹೇಳಿದ್ದನ್ನು ನಾನು ನಿಮಗೂ ಹೇಳುತ್ತೇನೆ. ನಮ್ಮ ನರಗಳು ಸ್ನಾಯುಗಳಿಗೆ ಒಂದು ರಸದ ಮೂಲಕ ಸುದ್ದಿ ಕಳಿಸುತ್ತವೆ. ಸುದ್ದಿ ಮುಟ್ಟಿದ ಮೇಲೆ ಆ ರಸವನ್ನು ಗುಡಿಸಿ ತೆಗೆಯಬೇಕು. ಆ ಕೆಲಸಕ್ಕೆ ಕೋಲಿನೆಸ್ಟರೇಸ್ ಎಂಬ ವಸ್ತು ಇದೆ. ಅದು ಕಸ ಗುಡಿಸುವವನಿದ್ದಂತೆ. ಈ ವಿಷ ಆ ಗುಡಿಸುವವನ ಕೈ ಕಟ್ಟಿಹಾಕುತ್ತದೆ. ಆಗ ರಸ ತುಂಬಿಕೊಂಡು ಬೆವರು, ಜೊಲ್ಲು ನಿಲ್ಲದೆ ಸುರಿಯುತ್ತವೆ. ಉಸಿರು ಕಟ್ಟುತ್ತದೆ. ರಕ್ತದಲ್ಲಿಯೂ ಇಂಥ ಗುಡಿಸುವವರು ಇದ್ದಾರೆ. ಅವರು ಚುರುಕಾಗಿದ್ದರೆ ನಳಿಕೆ ಹಳದಿಯಾಗುತ್ತದೆ, ಇಲ್ಲದಿದ್ದರೆ ಇಲ್ಲ. ಈ ಬಣ್ಣದ ಪರೀಕ್ಷೆಯನ್ನು ಎಲ್ಮನ್ ಎಂಬ ವಿಜ್ಞಾನಿ ಮತ್ತು ಅವರ ಸಂಗಡಿಗರು 1961ರಲ್ಲಿ ಪ್ರಕಟಿಸಿದರು.

ಕಾಕಾ ಮನೆಗೆ ಬಂದ. ಆದರೆ ರಕ್ತ ಪೂರ್ತಿ ಸುಧಾರಿಸಲು ಅನೇಕ ವಾರ ಹಿಡಿಯಿತು. ಅಲ್ಲಿಯವರೆಗೆ ಪಂಪು ಮುಟ್ಟಬಾರದೆಂದು ಡಾಕ್ಟರರು ಹೇಳಿದ್ದರು. ಕಾಕಾ ಮುಟ್ಟಲಿಲ್ಲ.

ಎಲ್ಲ ವಿಷವೂ ಹೀಗೆ ಒಂದೇ ದಿನದಲ್ಲಿ ಬೀಳಿಸುವುದಿಲ್ಲ. ಕೆಲವು ವಿಷಗಳು ಮೆಲ್ಲಗೆ ಕೊರೆಯುತ್ತವೆ. ಕೇರಳದ ಕಾಸರಗೋಡು ಜಿಲ್ಲೆಯಲ್ಲಿ ನಮ್ಮಂತೆ ಕನ್ನಡ ಮಾತನಾಡುವ ಬಹಳ ಜನರಿದ್ದಾರೆ. ಅಲ್ಲಿ ಪಡ್ರೆ ಎಂಬ ಊರಿದೆ. ಅಲ್ಲಿಯ ಗೇರು ತೋಟಗಳ ಮೇಲೆ ವರ್ಷಾನುಗಟ್ಟಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ವಿಷ ಸುರಿಯುತ್ತಿದ್ದರು. ಊರಿನಲ್ಲಿ ರೋಗಗಳು ಹೆಚ್ಚಿದವು. ಮಕ್ಕಳಲ್ಲಿ ಅಂಗವೈಕಲ್ಯ ಕಂಡಿತು. ಅಲ್ಲಿಯ ವೈದ್ಯರಾದ ಡಾ. ಮೋಹನಕುಮಾರ್, ಪತ್ರಕರ್ತರಾದ ಶ್ರೀ ಪಡ್ರೆ ಮುಂತಾದವರು ಇದಕ್ಕೆ ಕಾರಣವೇನೆಂದು ಕೇಳತೊಡಗಿದರು. ಬರಿಯ ಬಾಯಿಮಾತನ್ನು ಯಾರು ನಂಬಬೇಕು? 2001ರಲ್ಲಿ ಅಲ್ಲಿಯ ಜನರ ರಕ್ತ, ನೀರು, ಮಣ್ಣನ್ನು ದಿಲ್ಲಿಯ ಪ್ರಯೋಗಾಲಯದಲ್ಲಿ ಪರೀಕ್ಷಿಸಿದರು. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯವರು ಅಲ್ಲಿಯ ಸಾಲೆಯ ಮಕ್ಕಳ ರಕ್ತವನ್ನು ಬೇರೆ ಊರಿನ ಮಕ್ಕಳ ರಕ್ತದೊಂದಿಗೆ ಹೋಲಿಸಿ ನೋಡಿದರು. ಪಡ್ರೆಯ ಕಡೆಯ ಮಕ್ಕಳ ರಕ್ತದಲ್ಲಿ ಆ ವಿಷ ಹೆಚ್ಚಾಗಿತ್ತು. ನಿಮ್ಮ ವಯಸ್ಸಿನ ಆ ಮಕ್ಕಳು ಕೊಟ್ಟ ಒಂದಿಷ್ಟು ರಕ್ತ ದೊಡ್ಡ ಸಾಕ್ಷಿಯಾಯಿತು. ಕೊನೆಗೆ 2011ರಲ್ಲಿ ಸರ್ವೋಚ್ಚ ನ್ಯಾಯಾಲಯವು ದೇಶದಲ್ಲೆಲ್ಲ ಎಂಡೋಸಲ್ಫಾನನ್ನು ನಿಲ್ಲಿಸಿತು.

ಮಕ್ಕಳೇ, ನಮ್ಮ ಮನೆಗಳಲ್ಲಿ ಇನ್ನೂ ಇಂಥ ಬಾಟಲಿಗಳಿವೆ. ಅವುಗಳ ಚೀಟಿಯ ಬಣ್ಣ ನೋಡಲು ಕಲಿಯಿರಿ. ಆದರೆ ದೂರದಿಂದಲೇ ನೋಡಿರಿ, ಮುಟ್ಟಬೇಡಿರಿ. ಕೆಂಪು ಇದ್ದರೆ ಅತಿ ಘೋರ ವಿಷ, ಹಳದಿ ಇದ್ದರೆ ಘೋರ ವಿಷ. ನೀಲಿ ಇದ್ದರೆ ಮಧ್ಯಮ, ಹಸಿರು ಇದ್ದರೆ ಅದಕ್ಕೂ ಕಡಿಮೆ. ಹಸಿರೆಂದರೆ ಕುಡಿಯಬಹುದು ಎಂದು ಅರ್ಥವಲ್ಲ! ವಿಷವನ್ನು ನೀರಿನ ಬಾಟಲಿಗೆ ಹಾಕಿಡಲು ಯಾರನ್ನೂ ಬಿಡಬೇಡಿರಿ. ಯಾರಿಗಾದರೂ ವಿಷ ಏರಿದರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸುತ್ತ ಕೂಡಬಾರದು. ದೊಡ್ಡವರನ್ನು ಕರೆಯಿರಿ. ಬೇಗ ದವಾಖಾನೆಗೆ ಒಯ್ಯಲು ಹೇಳಿರಿ. ಬಾಟಲಿಯನ್ನು ಚೀಟಿಯ ಸಹಿತ ಒಯ್ಯಲು ನೆನಪಿಸಿರಿ.

ಇನ್ನೂ ಒಂದು ಮಾತು. ನಿಮ್ಮಿಂದ ತಪ್ಪಾಗಿದ್ದರೆ ಬೈಗಳಿಗೆ ಹೆದರಿ ಮುಚ್ಚಿಡಬೇಡಿರಿ. ಚೀಟಿಯನ್ನು ಡಾಕ್ಟರರು ದವಾಖಾನೆಯ ಕಾಗದಗಳ ಜೊತೆ ಇಟ್ಟುಕೊಂಡರು. ನನ್ನ ವಹಿಯಲ್ಲಿ ಹರಿದ ಅಂಚು ಮಾತ್ರ ಉಳಿದಿದೆ. ಕಾಕಾ ಈಗಲೂ ಬೆಳುಂಕಿಯಲ್ಲಿದ್ದಾನೆ. ನಾನು ಊರಿಗೆ ಹೋದಾಗಲೆಲ್ಲ, “ಏನಪಾ, ಮತ್ತ ಯಾವ ಚೀಟಿ ಕಿತ್ತಿದಿ?” ಎಂದು ಕೇಳಿ ನಗುತ್ತಾನೆ.